ಕೆಟ್ಟ ಟೆಂಪೋ

ಹಗಲೆಲ್ಲ ಅವಳು ಕನ್ನಡಕದ ಅಂಗಡಿಯಲ್ಲಿ ಜನರ ಮೂಗಿಗೆ ಫ್ರೇಮು ಹೊಂದಿಸುತ್ತಿದ್ದಳು, ಸಂಜೆ ಭಾವನ ವಾದ್ಯವೃಂದದಲ್ಲಿ ಡ್ರಮ್ ಬಾರಿಸುತ್ತಿದ್ದಳು. ಅಕ್ಕನ ಗಂಡನಾದ ಈ ಭಾವನಿಗೆ ಯಾವ ವಾದ್ಯವೂ ಬರುತ್ತಿರಲಿಲ್ಲ. ಆದರೆ ಅಭ್ಯಾಸ ನಡೆಯುತ್ತಿದ್ದದ್ದು ಆತನ ಪೀಠೋಪಕರಣದ ಗೋದಾಮಿನಲ್ಲಿ, ಆದ್ದರಿಂದ ಅಧ್ಯಕ್ಷಗಿರಿಯೂ ಆತನದೇ. ಗೋಡೆಯುದ್ದಕ್ಕೂ ಪ್ಲಾಸ್ಟಿಕ್ ಸುತ್ತಿದ ಹಾಸಿಗೆಗಳು ನಿಂತಿದ್ದ ಆ ಜಾಗದಲ್ಲಿ ತಪ್ಪು ಸ್ವರವೂ ಮೆತ್ತಗೆ ಕೇಳುತ್ತಿತ್ತು. ಅದು ತನ್ನ ತರಬೇತಿಯ ಫಲವೆಂದು ಭಾವ ಕಂಡಕಂಡವರಿಗೆ ಹೇಳುತ್ತಿದ್ದ.

ಲಯ ಎನ್ನಲು ಆತನ ನಾಲಿಗೆ ಒಪ್ಪುತ್ತಿರಲಿಲ್ಲ. ಟೆಂಪೋ ಎಂದರೇನೇ ಬಾಯಿಗೆ ಘನತೆ. "ಟೆಂಪೋ ಬಿದ್ದೋಯ್ತು", "ಟೆಂಪೋ ಸ್ವಲ್ಪ ಎತ್ತಿ" ಎಂದು ಆತ ಕೂಗಿದಾಗಲೆಲ್ಲ, ಬಾಗಿಲಲ್ಲಿ ಸೋಫಾ ಇಳಿಸುತ್ತಿದ್ದ ಡ್ರೈವರ್ ಮೊದಮೊದಲು ಗಾಬರಿಯಿಂದ ಹೊರಗೋಡಿ ತನ್ನ ಗಾಡಿ ನೋಡಿ ಬರುತ್ತಿದ್ದ. ಹಿಂದಿನ ಬಾಗಿಲಿಗೆ ಹಗ್ಗ ಬಿಗಿದ ಆ ಸಾಮಾನಿನ ಗಾಡಿ ಬಿಟ್ಟರೆ ಅವನಿಗೆ ಬೇರೆ ಟೆಂಪೋ ಗೊತ್ತಿರಲಿಲ್ಲ.

ಆ ವರ್ಷ ಹಡಗಿನಲ್ಲಿ ಪ್ರವಾಸ ಹೋದ ಭಾವ, ಊಟದ ಮೇಜಿನಲ್ಲಿ ಸಿಕ್ಕಿದ ಇಟಾಲಿಯನ್ ವಾದ್ಯವೃಂದ ನಿರ್ದೇಶಕನೊಬ್ಬನ ಗೆಳೆತನ ಗಂಟುಹಾಕಿಕೊಂಡು ಬಂದ. ಮುದುಕ ಒಳ್ಳೆಯವನು, ಒಂದು ಕಛೇರಿ ನಡೆಸಿಕೊಡಲು ಬಂದೇಬಿಟ್ಟ. ಅವನಿಗೆ ತನ್ನ ಭಾಷೆಯೊಂದು ಬಿಟ್ಟರೆ ಇನ್ನೊಂದು ಬಾರದು. ದುಭಾಷಿಯಾಗಿ ನಿಂತವನು ಅಕ್ಕನ ಅಳಿಯ. ಅವನು ಎರಡು ವರ್ಷ ಪರದೇಶದಲ್ಲಿದ್ದು, ಜರ್ಮನ್ ಭಾಷೆಯಲ್ಲಿ ಫ್ರಿಜ್ ರಿಪೇರಿ ಕಲಿತು ಬಂದಿದ್ದ.

"ನಿಮಗೆ ಇಟಾಲಿಯನ್ ಬರುತ್ತಾ ಅಳಿಯಂದ್ರೇ?" ಎಂದು ಅವಳು ಕೇಳಿದಳು.

"ಪಕ್ಕದ ದೇಶ ತಾನೇ ಚಿಕ್ಕಮ್ಮ. ಆಚೆ ಮನೇಲಿ ಮಾತಾಡಿದ್ರೆ ಈಚೆ ಮನೆಗೆ ಕೇಳಿಸಲ್ವಾ?"

ಕಛೇರಿ ಬಯಲಿನಲ್ಲಿತ್ತು. ಹಾಸಿಗೆಗಳಿಲ್ಲದ ಕಡೆ ತನ್ನ ಡ್ರಮ್ಮಿಗೆ ಇಷ್ಟು ಗಟ್ಟಿ ದನಿಯಿದೆಯೆಂದು ಅವಳಿಗೂ ಅವತ್ತೇ ಗೊತ್ತಾದದ್ದು. ಮುದುಕನ ಕೈಯನ್ನೇ ನೋಡುತ್ತ ಹದವಾಗಿ ಬಾರಿಸುತ್ತಿದ್ದಳು. ಎರಡನೆಯ ಕೃತಿಯ ನಡುವೆ ಮುದುಕ ಮತ್ತೆಮತ್ತೆ ತಲೆಯೆತ್ತಿ ನೋಡತೊಡಗಿದ. ಬಯಲಿನಾಚೆ ಮೋಡ ಕಪ್ಪಿಟ್ಟಿತ್ತು. ಅವನು ವೇದಿಕೆಯ ಪಕ್ಕದಲ್ಲಿ ಕುಳಿತಿದ್ದ ಮಾವ ಅಳಿಯರ ಕಡೆ ಬಾಗಿ, "ಬ್ರುತ್ತೋ ತೆಂಪೋ" ಎಂದ.

ಅಳಿಯನ ಮುಖ ಅರಳಿತು. ಎರಡೂ ಪದ ಜರ್ಮನ್ನಿನಲ್ಲೂ ಇದ್ದವು. ಬ್ರುತ್ತೋ ಎಂದರೆ ಡಬ್ಬಿ ಸಮೇತದ ತೂಕ, ಟೆಂಪೋ ಎಂದರೆ ವೇಗ.

"ಭಾರ ಜಾಸ್ತಿ ಆಯ್ತಂತೆ ಮಾವ. ವೇಗ ಸಾಲದಂತೆ."

ಭಾವ ಅವಳ ಕಿವಿಯ ಬಳಿ ಬಂದ. "ಎಲ್ಲ ನಿನ್ನಿಂದಲೇ. ಬೇಗ ಬಾರಿಸು."

"ನಾನು ಅವರ ಕೈ ನೋಡ್ಕೊಂಡೇ ಬಾರಿಸ್ತಿದೀನಿ ಭಾವ."

"ಕೈ ನೋಡ್ಬೇಡ. ಹೇಳಿದ್ದು ಕೇಳು."

ಹಾಳಾಗಿ ಹೋಗಲಿ ಎಂದು ಅವಳು ವೇಗ ಹೆಚ್ಚಿಸಿದಳು. ಕೊಳಲುಗಳು ಡ್ರಮ್ಮಿನ ಬೆನ್ನು ಹತ್ತಿದವು, ಪಿಟೀಲುಗಳು ಮುದುಕನ ಕೈಗೇ ಅಂಟಿಕೊಂಡವು. ಸಭೆ ಮುಖಮುಖ ನೋಡಿಕೊಂಡಿತು. ಮುದುಕ ಕೋಲನ್ನು ಆಕಾಶಕ್ಕೆ ತೋರಿಸಿ, ಹೊತ್ತಿಲ್ಲ, ಬೇಗ ಒಳಗೆ ಹೋಗೋಣ ಎಂದು ತನ್ನ ಭಾಷೆಯಲ್ಲಿ ಅರಚಿದ. ಅದರಲ್ಲೂ ಒಂದು ತೆಂಪೋ ಇತ್ತು.

"ಈಗ ಟೆಂಪೋನೇ ಇಲ್ಲ ಅಂತಿದ್ದಾರೆ," ಎಂದ ಅಳಿಯ.

ಭಾವನಿಗೆ ರೇಗಿಹೋಯಿತು. ಮೈಕು ಎದುರಿಗಿರುವುದನ್ನೂ ಮರೆತು, "ಟೆಂಪೋ ಎಲ್ಲಿ? ಟೆಂಪೋ ಬೇಕು ನನಗೆ, ಈಗಲೇ," ಎಂದು ಗುಡುಗಿದ.

ಗೇಟಿನ ಬಳಿ ಕಾಲು ಚಾಚಿ ಮಲಗಿದ್ದ ಡ್ರೈವರ್ ಧಣಿಯ ದನಿ ಕೇಳಿ ದಡಬಡಿಸಿ ಎದ್ದ. ಗಾಡಿಯನ್ನು ಕುರ್ಚಿಗಳ ನಡುವೆಯೇ ನುಗ್ಗಿಸಿಕೊಂಡು ಬಂದು ವೇದಿಕೆಗೆ ತಾಗಿಸಿ ನಿಲ್ಲಿಸಿದ. ಅಷ್ಟರಲ್ಲಿ ಮಳೆ ಸುರಿಯಿತು.

ಕಲಾವಿದರು ವಾದ್ಯಗಳನ್ನು ಅವುಚಿಕೊಂಡು ಗಾಡಿಯ ಹಿಂಬದಿಗೆ ಹತ್ತಿದರು. ತಾಡಪಾಲಿನ ಕೆಳಗೆ ಅವಳ ಪಕ್ಕದಲ್ಲೇ ಕುಳಿತ ಮುದುಕ ಅಂಗೈಯನ್ನು ಮಳೆಗೆ ಚಾಚಿ, ಮೂತಿ ಸೊಟ್ಟ ಮಾಡಿ, ಮತ್ತೆ "ಬ್ರುತ್ತೋ ತೆಂಪೋ" ಎಂದ. ಅವಳು ಮೋಡದ ಕಡೆ ಬೆರಳು ಮಾಡಿದಳು. "ತೆಂಪೋ?" ಅವನು ಹೌದೆಂದು ತಲೆಯಾಡಿಸಿದ. ಅಷ್ಟಕ್ಕೇ ಬಿಡದೆ ಕೈಗಡಿಯಾರವನ್ನು ತಟ್ಟಿ ಅದೂ ತೆಂಪೋ ಎಂದ. ಕೇಳುತ್ತಿದ್ದ ಡ್ರೈವರ್ ಗಾಡಿಯ ತಗಡನ್ನು ತಟ್ಟಿ, "ಟೆಂಪೋ," ಎಂದ. ಅವಳಿಗೆ ಹೊಟ್ಟೆ ಹಿಡಿದುಕೊಳ್ಳುವಷ್ಟು ನಗು ಬಂತು.

"ಅಳಿಯಂದ್ರೇ, ಅವರು ಹೇಳಿದ್ದು ಹವೆ ಕೆಟ್ಟಿದೆ, ಮಳೆ ಬರುತ್ತೆ ಅಂತ."

"ಮೋಡ ನಿಮಗೂ ಕಾಣ್ತಿತ್ತಲ್ಲ ಚಿಕ್ಕಮ್ಮ. ಕಾಣೋದನ್ನೂ ನಾನು ಅನುವಾದ ಮಾಡ್ಬೇಕಾ?"

ಮುದುಕ ಊರಿಗೆ ಮರಳಿದ ಮೇಲೆ ಭಾವ ಗೋದಾಮಿನಲ್ಲಿ ಸಭೆ ಕರೆದ. ಈ ನಡುವೆ ಯಾರನ್ನೋ ಕೇಳಿ ಅರ್ಧ ಅರ್ಥ ತಿಳಿದುಕೊಂಡಿದ್ದ.

"ಬ್ರುತ್ತೋ ಅಂದ್ರೆ ಕೆಟ್ಟದ್ದು. ದೊಡ್ಡ ಮನುಷ್ಯರು ಎಲ್ಲರೆದುರೇ ಕೆಟ್ಟ ಟೆಂಪೋ ಅಂದ್ರು. ಟೆಂಪೋ ಯಾರ ಕೈಲಿತ್ತು? ಇವಳ ಕೈಲಿ. ಕ್ಷಮೆ ಕೇಳಲಿ. ಇನ್ನು ಮುಂದೆ ಟೆಂಪೋ ನೋಡ್ಕೊಳ್ಳೋದು ನಮ್ಮ ಅಳಿಯ."

ಅವಳು ಡ್ರಮ್ಮಿನ ತಿರುಪುಗಳನ್ನು ಒಂದೊಂದಾಗಿ ಬಿಚ್ಚಿದಳು. ಪಿಟೀಲು ನುಡಿಸುವ ದರ್ಜಿ ಎದ್ದು ತಾಳದ ತಟ್ಟೆಗಳನ್ನು ಎತ್ತಿಕೊಂಡ. ಕೊಳಲಿನ ಅಕ್ಕತಂಗಿಯರೂ ಚೀಲ ಹೆಗಲಿಗೇರಿಸಿದರು. ನೋಡನೋಡುತ್ತ ಗೋದಾಮಿನಲ್ಲಿ ಉಳಿದವರು ಅಧ್ಯಕ್ಷರು ಮತ್ತು ಟೆಂಪೋ ಮೇಲ್ವಿಚಾರಕರು.

ಈಗ ಅಭ್ಯಾಸ ಕನ್ನಡಕದ ಅಂಗಡಿಯಲ್ಲಿ, ಅಕ್ಷರ ಓದಿಸುವ ಹಲಗೆಯ ಕೆಳಗೆ. ಅಲ್ಲಿ ಸುತ್ತಲೂ ಬರೀ ಗಾಜು. ಸಣ್ಣ ತಪ್ಪೂ ಕಿವಿಗೆ ರಾಚುತ್ತದೆ, ದರ್ಜಿ ಗೊಣಗುತ್ತ ತಿದ್ದಿಕೊಳ್ಳುತ್ತಾನೆ.

ಒಂದು ಮಧ್ಯಾಹ್ನ ಅಕ್ಕ ಫೋನ್ ಮಾಡಿದಳು.

"ನಿನ್ನ ಭಾವನಿಗೆ ತುಂಬ ಬೇಜಾರಾಗಿದೆ ಕಣೇ. ಅವತ್ತಿಂದ ಮನೇಲಿ ಯಾರ ಹತ್ರಾನೂ ಮಾತಿಲ್ಲ."

"ರಾಜಿ ಮಾಡ್ಸೋಕೆ ಫೋನ್ ಮಾಡಿದ್ಯಾ ಅಕ್ಕ?"

"ಅಯ್ಯೋ, ಇಲ್ಲಪ್ಪ," ಅಕ್ಕ ದನಿ ತಗ್ಗಿಸಿದಳು. "ಮನೆ ಎಷ್ಟು ತಣ್ಣಗಿದೆ ಗೊತ್ತಾ. ಇನ್ನೂ ಸ್ವಲ್ಪ ದಿನ ನೀನು ಬಗ್ಗಬೇಡ."