ನಂಬರು ಓದಿಸುತ್ತಿದ್ದವರು

ನಮ್ಮವರು, ಬಕ್ಕಪ್ಪ, ತಮ್ಮ ಕಣ್ಣನ್ನು ತಾವೇ ನಂಬುತ್ತಿರಲಿಲ್ಲ. ಕಲ್ಯಾಣದ ನಮ್ಮ ಮನೆಗೆ ಬೀಗ ಹಾಕಿದರೆ ನನ್ನಿಂದ ಎಳೆಸಿ ನೋಡಬೇಕು; ಬಸ್ಸಿನ ಬೋರ್ಡು ಓದಿದರೂ ಮತ್ತೊಬ್ಬರನ್ನು ಕೇಳಬೇಕು. ಕೈ ಹಿಂದೆ ಕಟ್ಟಿಕೊಂಡೇ ನಡೆಯುತ್ತಿದ್ದರು, ಬಿಟ್ಟರೆ ಎಲ್ಲಿ ಏನು ಮುಟ್ಟಿಬಿಡುತ್ತದೋ ಎನ್ನುವ ಹಾಗೆ. ಮದುವೆಯಾದ ಹೊಸದರಲ್ಲಿ ನನಗೆ ಸಿಟ್ಟು ಬರುತ್ತಿತ್ತು.

ಹುಮನಾಬಾದಿನ ನಬೀಸಾಬರ ಫೋಟೊ ಸ್ಟುಡಿಯೊದಲ್ಲಿ ಕಂಪ್ಯೂಟರಿನ ಕೆಲಸ ಇವರ ಪಾಲಿಗಿತ್ತು. ಫೋಟೊಗಳೆಲ್ಲ ರೇಡ್ ಎನ್ನುವ ಪೆಟ್ಟಿಗೆಯಲ್ಲಿ, ನಾಲ್ಕು ಡಿಸ್ಕುಗಳಲ್ಲಿ ಹಂಚಿಹೋಗಿದ್ದವು. ಒಂದು ಸತ್ತರೆ ಉಳಿದ ಮೂರು ಅದರ ಭಾರವನ್ನೂ ಹೊರುತ್ತವೆ. ಆದರೆ ಆಗ ಸತ್ತದ್ದನ್ನು ಬಿಟ್ಟು ಬದುಕಿದ್ದನ್ನು ಎಳೆದರೆ ಎಲ್ಲವೂ ಹೋಯಿತು. ಇಷ್ಟನ್ನು ಅವರೇ ನನಗೆ ತಿಳಿಸಿದ್ದು, ರೊಟ್ಟಿ ಬುಟ್ಟಿ ಮುಂದಿಟ್ಟುಕೊಂಡು.

2006ರಲ್ಲಿ ಒಂದು ಡಿಸ್ಕು ಸತ್ತಿತು. ರಾಜೇಶ್ವರ, ದುಬಲಗುಂಡಿ ಊರುಗಳ ಎರಡು ವರ್ಷದ ಮದುವೆ ಫೋಟೊಗಳು ಆ ಪೆಟ್ಟಿಗೆಯಲ್ಲಿದ್ದವು. ಅಸ್ಗರಿ ಎಂಬ ಹುಡುಗಿಯ ಅಪ್ಪ ಅವಳ ಮದುವೆಯಾದ ತಿಂಗಳಿಗೇ ತೀರಿಕೊಂಡಿದ್ದ. ಆ ಮದುವೆಯದು ಬಿಟ್ಟರೆ ಅವನ ಮುಖ ಬೇರೆ ಯಾವ ಫೋಟೊದಲ್ಲೂ ಇರಲಿಲ್ಲ. ಅವಳು ಅಂಗಡಿಯಲ್ಲೇ ಕೂತಿದ್ದಳು. ನಬೀಸಾಬರಿಗೆ ಅವಸರ. ಇವರು ಹೊಸ ಡಿಸ್ಕನ್ನು ಮೇಜಿನ ಮೇಲಿಟ್ಟು, ಬಸ್ಸು ಹತ್ತಿ ಕಲ್ಯಾಣಕ್ಕೆ ಬಂದು ನನ್ನನ್ನು ಕರೆದುಕೊಂಡು ಹೋದರು.

“ಡಿಸ್ಕ್ ಹಾಕೋದು ಬಿಟ್ಟು ಹೆಂಡ್ತೀನ ತಂದೀಯಲ್ಲೋ ಬಕ್ಕಪ್ಪ,” ಎಂದರು ನಬೀಸಾಬ್.

“ಗೊತ್ತಿದ್ದವರ ಕಣ್ಣು ಮುಂದ ಓಡತಾವ. ಈಕಿ ಇದ್ದದ್ದಷ್ಟೇ ಓದತಾಳ,” ಎಂದರು ಇವರು.

ನಾನು ಮೂರನೇ ಇಯತ್ತೆ ಓದಿದವಳು. ಸತ್ತ ಡಿಸ್ಕಿನ ನಂಬರು ಪರದೆಯ ಮೇಲಿತ್ತು; ಪ್ರತಿ ಡಿಸ್ಕಿನ ಮುಂದೆಯೂ ಅದರದರ ನಂಬರು ಬರೆದು ಇವರೇ ಚೀಟಿ ಅಂಟಿಸಿದ್ದರು. ಅವರ ಕೈ ಮೂರನೆಯದರ ಮೇಲಿತ್ತು. ನಾನು ಚೀಟಿಗೆ ಬೆರಳಿಟ್ಟು ಒಂದೊಂದೇ ಅಂಕಿ ಓದಿದೆ, ಅವರು ಪರದೆ ನೋಡಿದರು. ಏಳನೆಯ ಅಂಕಿಗೆ ತಡೆದರು.

“ನಾಲ್ಕಾ?”

“ನಾಲ್ಕೇ ಅದರಿ.”

ಪರದೆಯಲ್ಲಿ ಒಂಬತ್ತು. ಕೈ ತೆಗೆದರು. ಅದರ ಕೆಳಗಿನದನ್ನು ಓದಿಸಿದರು, ಪರದೆಯ ನಂಬರಿಗೆ ಕೂಡಿತು. ಎರಡಕ್ಕೂ ಒಂದೇ ಅಂಕಿಯ ಫರಕು. ಸತ್ತದ್ದನ್ನು ಎಳೆದು, ಹೊಸದನ್ನು ಹಾಕಿ, ಚಹಾ ತರಿಸಿದರು. ಆಮೇಲೆ ಪರದೆಯ ಕಡೆ ಮುಖ ಕೂಡ ತಿರುಗಿಸಲಿಲ್ಲ. ಸಂಜೆ ಅಸ್ಗರಿ ಅಪ್ಪನ ಫೋಟೊವನ್ನು ಓಢಣಿಯಲ್ಲಿ ಮುಚ್ಚಿಕೊಂಡು ಹೋದಳು.

ನಮ್ಮವರು ತೀರಿಹೋಗಿ ಈಗ ಎರಡು ವರ್ಷ. ಹೋದ ತಿಂಗಳು ನಬೀಸಾಬ್ ಫೋನು ಮಾಡಿ, ಮತ್ತೊಂದು ಡಿಸ್ಕು ಸತ್ತಿದೆ, ಬರುತ್ತೀರಾ ಭಾಬಿ ಎಂದರು. ಒಬ್ಬಳೇ ಬಸ್ಸು ಹತ್ತಿದೆ. ಚೀಟಿಗಳ ಮೇಲೆ ಅವರದೇ ಕೈಬರಹ. ನಬೀಸಾಬ್ ಪರದೆ ನೋಡಿದರು; ನಾನು ಬೆರಳಿಟ್ಟು ಓದಿದೆ, ನಡುವೆ ನಿಲ್ಲಲಿಲ್ಲ.

ಇಂಥವರನ್ನು ಜನ ಪುಕ್ಕಲರು ಎನ್ನುತ್ತಾರೆ. ನಾನು ಜೊತೆಯಲ್ಲಿ ಬಾಳಿದವಳು, ನನಗೆ ಗೊತ್ತು. ತಮ್ಮ ಕೈ ತಪ್ಪೀತು ಎಂದು ತಿಳಿದವರು ತಡವಾಗಿ ಕೈ ಹಾಕುತ್ತಾರೆ. ಹಾಕಿದ ಮೇಲೆ ನಡುಗುವುದಿಲ್ಲ.