ಅಮ್ಮನಿಗೆ ಕಾಣುವ ಸೋಪು

1

ಇದನ್ನು ಹಾಲಿನಿಂದ ಶುರು ಮಾಡಬೇಕೋ ಕಣ್ಣಿನಿಂದಲೋ ತಿಳಿಯುತ್ತಿಲ್ಲ. ಹಾಲಿನಿಂದ ಶುರುವಾದ ಡ್ರಾಫ್ಟ್ ಹೀಗಿತ್ತು: ‘ಬೀಟ್‌ರೂಟ್ ರಸ ಬಿದ್ದೊಡನೆ ಹಾಲಿನ ಸೋಪು ಮುಂಜಾವಿನ ಬಾನಿನಂತೆ ಕೆಂಪೇರಿತು.’

“ಯಾರು ಹೇಳಿದ್ದು ನಿಂಗೆ?” ಎಂದಳು ಅಕ್ಕ. (ಅಕ್ಕ ಈ ಕಥೆಯ ನಾಯಕಿ. ಮನೆಯಲ್ಲೇ ಹಾಲಿನ ಸೋಪು ಮಾಡಿ ಮಾರುತ್ತಾಳೆ. ನನ್ನ ಒಡಹುಟ್ಟಿದವಳಲ್ಲ, ನನಗಿಂತ ದೊಡ್ಡವಳು, ಬೈಯುತ್ತಾಳೆ, ಅಷ್ಟು ಸಾಕು.) “ಸೋಪಿಗೆ ಹಾಕೋ ಕಾಸ್ಟಿಕ್ ಸೋಡಾಕ್ಕೆ ಬಿದ್ರೆ ಬೀಟ್‌ರೂಟ್ ಕಂದು ಬಣ್ಣ ಆಗುತ್ತೆ. ಮುಂಜಾವಂತೆ! ಹಳೇ ಚಪ್ಪಲಿ ಬಣ್ಣ ಬಂತು.”

ಡ್ರಾಫ್ಟ್ ಹರಿದು ಹಾಕಿದೆ. (ಅಂದರೆ ಡಿಲೀಟ್ ಮಾಡಿದೆ. ಹರಿದೆ ಎಂದರೆ ಸ್ವಲ್ಪ ಗತ್ತಿರುತ್ತದೆ.)

2

ಹಾಗಾದರೆ ಕಣ್ಣು. ಅಕ್ಕನ ಅಮ್ಮನ ದೃಷ್ಟಿ ಮಂಜಾಗುತ್ತಿದೆ. ಇರುವಷ್ಟನ್ನು ಉಳಿಸಿಕೊಳ್ಳಿ ಎಂದಿದ್ದಾರೆ ಡಾಕ್ಟರು. ಬಚ್ಚಲಿನ ಟೈಲ್ಸ್ ಬಿಳಿ, ಸೋಪಿನ ತಟ್ಟೆ ಬಿಳಿ, ಸೋಪು ಕೆನೆಬಣ್ಣ. ಒಂದು ದಿನ ಅಮ್ಮ ಕೈಜಾರಿದ ಸೋಪಿಗೆ ತಡಕಾಡಿ, ಅದರ ಮೇಲೇ ಕಾಲಿಟ್ಟು ಬಿದ್ದಳು. ಮೂಳೆ ಮುರಿಯಲಿಲ್ಲ. (ಮುರಿಸಬಹುದಿತ್ತು, ಕಥೆಗೆ ತೂಕ ಬರುತ್ತಿತ್ತು. ಆದರೆ ಅಕ್ಕ ನನ್ನ ಕೈ ಮುರಿಯುತ್ತಿದ್ದಳು.)

“ಇನ್ಮೇಲೆ ನಾನೇ ಸ್ನಾನ ಮಾಡಿಸ್ತೀನಿ,” ಎಂದಳು ಅಕ್ಕ.

“ಬಾಗಿಲು ಹಾಕ್ಕೊಂಡು ಸ್ನಾನ ಮಾಡೋಕಾಗದ ದಿನ ನಾನು ಸ್ನಾನಾನೇ ಬಿಡ್ತೀನಿ.”

ಬಿಟ್ಟಳು ಕೂಡ. ಮನೆ ಮೂಗು ಮುಚ್ಚಿಕೊಂಡಾಗ ರಾಜಿಯಾಯಿತು: ಬಿಳಿಯ ನಡುವೆ ಎದ್ದು ಕಾಣುವ ಬಣ್ಣದ ಸೋಪು ತಯಾರಾಗುವವರೆಗೆ ಬರೀ ನೀರು, ಬಾಗಿಲು ಹಾಕಿಕೊಂಡೇ. ಆ ಸೋಪೂ ಕಾಣದಿದ್ದರೆ ಅಕ್ಕ ಒಳಗೆ.

2 (ಮತ್ತೆ. ಮೂರು ಎನ್ನುವಷ್ಟು ಕಥೆ ಮುಂದೆ ಹೋಗಿಲ್ಲ)

ಅರಿಸಿನ ಹಾಕಿದರೆ ಪಾತ್ರೆಯಲ್ಲಿ ಕೆಂಪಾಗಿ, ಅಚ್ಚಿನಲ್ಲಿ ಮಾಸಲು ಹಳದಿಯಾಯಿತು. ನೀಲಿ ಪುಡಿ ಹಾಕಿದರೆ ಪಾಚಿ ಬಣ್ಣ: ಕಾಸ್ಟಿಕ್ಕಿನ ಬಿಸಿಗೆ ಹಾಲು ಆಗಲೇ ಸುಟ್ಟು ಹಳದಿಗಟ್ಟಿತ್ತು. ಇದ್ದಿಲ ಪುಡಿ ಮಾತ್ರ ಮಾತು ಉಳಿಸಿಕೊಂಡಿತು. ಕಡುಕಪ್ಪು.

“ಇದನ್ನ ಹಚ್ಕೊಂಡ ಮೇಲೆ ತೊಳ್ಕೊಳೋಕೆ ಬೇರೆ ಸೋಪು ಕೊಡ್ತೀಯಾ?” ಎಂದು ಕೇಳಿದಳು ಅಮ್ಮ.

“ಕಪ್ಪೇ ಇರಲಿ ಅಕ್ಕ, ಸಾಂಕೇತಿಕವಾಗಿದೆ,” ಎಂದೆ ನಾನು.

“ನಿನ್ ಸಂಕೇತ ನೀನೇ ಉಜ್ಕೋ.”

ಕೊನೆಗೆ ಹಾಲನ್ನು ಫ್ರೀಜರಿನಲ್ಲಿ ಗಡ್ಡೆ ಕಟ್ಟಿಸಿ, ಅದರ ಮೇಲೆ ಕಾಸ್ಟಿಕ್ ಸೋಡಾವನ್ನು ಚೂರು ಚೂರೇ ಉದುರಿಸಿದಳು. ಹಾಲು ಸುಡಲಿಲ್ಲ. ನೀಲಿ ನೀಲಿಯಾಗಿಯೇ ನಿಂತಿತು. ಸೋಪು ಬಲಿಯಲು ವಾರಗಟ್ಟಲೆ ಬೇಕು. ಕಥೆಯಲ್ಲಿ ಒಂದು ವಾಕ್ಯ ಸಾಕು. ಬಲಿಯಿತು.

5 (ನಡುವೆ ತತ್ವಜ್ಞಾನವಿತ್ತು, ತೆಗೆದೆ)

ಅಂತ್ಯ ಅ: ಅಮ್ಮ ನೋಡಿ, “ನೀಲಿ! ಚೆನ್ನಾಗಿ ಕಾಣ್ತಿದೆ ಕಣೇ,” ಎಂದಳು.

“ಬೇಡ,” ಎಂದಳು ಅಕ್ಕ. “ನೀಲಿ ಬಂತು, ನೀಲಿ ಬಂತು ಅಂತ ಮನೆಯೆಲ್ಲ ಕುಣಿದಿದೀನಿ. ಅಮ್ಮಂಗೆ ಕಿವಿ ಇಲ್ವಾ? ಕಾಣದಿದ್ರೂ ಕಾಣ್ತಿದೆ ಅಂತಾಳೆ.”

ಅಂತ್ಯ ಆ: ಕಾಣಲಿಲ್ಲ.

“ನಿನ್ ಬಾಯಲ್ಲಿ ಒಳ್ಳೇದೇ ಬರಲ್ವಾ?”

ಅಂತ್ಯ ಇ ಅಕ್ಕನದೇ. ಸೋಪನ್ನು ತಟ್ಟೆಯಲ್ಲಿಡದೆ, ಕೈಗೆಟುಕುವ ಕಿಟಕಿಯ ಕಟ್ಟೆಯ ಮೇಲಿಟ್ಟಳು. ಅಮ್ಮನಿಗೆ ಹೇಳಲಿಲ್ಲ. ಕಂಡರೆ ತಾನೇ ಸಿಗುತ್ತದೆ.

ಅಮ್ಮ ಒಳಗೆ ಹೋಗಿ ಚಿಲಕ ಹಾಕಿದಳು. ನಾವಿಬ್ಬರೂ ಹೊರಗೆ. ನೀರಿನ ಸದ್ದು ಬಂತು, ನಿಂತಿತು. ಮಗ್ಗು ನೆಲಕ್ಕಿಟ್ಟ ಸದ್ದು. ಆಮೇಲೆ ಏನೂ ಇಲ್ಲ.

ನಾನು ಕಥೆಗಾರ, ಚಿಲಕ ನನಗೆ ಲೆಕ್ಕಕ್ಕಿಲ್ಲ. ಒಂದು ವಾಕ್ಯ ಬರೆದರೆ ಒಳಗಿರುತ್ತೇನೆ. ‘ಅಮ್ಮನ ಕೈ ಮೊದಲು ತಟ್ಟೆಯ ಕಡೆ…’

ಅಕ್ಕ ಕಾಲರ್ ಹಿಡಿದಳು. “ಎಲ್ಲಿಗೆ? ಅಮ್ಮ ಸ್ನಾನ ಮಾಡ್ತಿದಾಳೆ.”

“ಓದೋರಿಗೆ ಗೊತ್ತಾಗಬೇಡ್ವಾ?”

“ಯಾಕೆ, ಅವರ ಮನೇಲಿ ಬಚ್ಚಲಿಲ್ವಾ?”

ಒಳಗಿನಿಂದ ಅಮ್ಮ ಕೇಳಿದಳು: “ಯಾರೇ ಅದು, ಬಾಗಿಲಲ್ಲಿ ಗುಸುಗುಸು?”

“ಯಾರೂ ಇಲ್ಲಮ್ಮ.”

ಅಕ್ಕ ಅಡುಗೆಮನೆಯ ಕಡೆ ನಡೆದಳು. ನಾನೂ ಹೊರಟೆ. ನೀವೂ ಏಳಿ, ಕಿವಿಗೊಟ್ಟು ನಿಂತಿದ್ದು ಸಾಕು.