ಕಸಿಗಂಟಿನ ಮೇಲೆ

ಮತ್ತೆ ಅದೇ ಉಗುರು, ಪಾತ್ರೆ ತೊಳೆಯುತ್ತ ಅವಳು ಹಿತ್ತಿಲ ಕಿಟಕಿಯಿಂದ ನೋಡುತ್ತಾಳೆ, ಭಾವನ ಹೆಬ್ಬೆರಳಿನ ಉಗುರು ಸೇಬಿನ ಗಿಡದ ಎಲೆ ಎಲೆಯನ್ನೂ ತಿರುವಿ ಹಾಕುತ್ತಿದೆ, ಬಟ್ಟೆಯ ಮಡಿಕೆಗೆ ಗೆರೆ ಎಳೆಯಲೆಂದೇ ಬೆಳೆಸಿದ ಉಗುರು, ದರ್ಜಿಗೆ ಇಸ್ತ್ರಿಪೆಟ್ಟಿಗೆ ಯಾಕೆ, ಇದೊಂದಿದ್ರೆ ಸಾಕು ಅಂತ ಜಂಬ ಬೇರೆ, ಅವನ ಜಂಬಕ್ಕಿಷ್ಟು ಬೆಂಕಿ ಹಾಕ. ನೋಡಿ, ಹೇಗೆ ಬೆಳೆದಿದೆ ನಮ್ಮ ಗಿಡ, ಎನ್ನುತ್ತಾನೆ ಬೇಲಿಯಾಚೆಯ ನೆರೆಯವನಿಗೆ — ನಮ್ಮ ಗಿಡವಂತೆ, ನರ್ಸರಿಯಿಂದ ತಂದ ಗಿಡ್ಡ ಜಾತಿಯ ಬೇರುಗಿಡದ ಮೇಲೆ ಅಪ್ಪನ ಮರದ ಕಡ್ಡಿ ಇಟ್ಟು ಕಸಿ ಕಟ್ಟಿದ್ದು ಅವಳು, ಇಷ್ಟಗಲದ ಹಿತ್ತಿಲಿಗೆ ದೊಡ್ಡ ಮರ ಹಿಡಿಸದೆಂದು, ಅಪ್ಪನ ಮರ ಎಲ್ಲಿದೆ ಈಗ, ಅದು ನಿಂತಿದ್ದಲ್ಲಿ ರಸ್ತೆ ಬಂದಿದೆ, ಆ ತಳಿ ಇನ್ನೆಲ್ಲೂ ಇಲ್ಲ, ಕಂದು ಸಿಪ್ಪೆಯ ಒರಟು ಹಣ್ಣು, ಜೇಬಿನಿಂದ ತೆಗೆದು ಅಂಗಿಗೆ ಒರೆಸಿ ಕೊಡುತ್ತಾನೆ ಅಪ್ಪ, ತಿನ್ನು ಪುಟ್ಟಿ, ಮುಖ ಸಿಂಡರಿಸ್ಬೇಡ, ತಡಿ, ಈಗ ಬರತ್ತೆ ಸಿಹಿ — ಚಳಿಗಾಲದಲ್ಲಿ ಅವಳು ತಂಗಿಯ ಹೆರಿಗೆಗೆ ಹೋಗಿ ಬರುವುದರೊಳಗೆ ಭಾವ ಗಿಡವನ್ನು ನೀಟು ಮಾಡಿದ್ದ, ಎರಡು ಕಾಂಡ ಇತ್ತಮ್ಮ, ನೆಟ್ಟಗಿರೋದನ್ನ ಬಿಟ್ಟು ಸೊಟ್ಟಗಿರೋದನ್ನ ತೆಗೆದುಬಿಟ್ಟೆ, ಸೊಟ್ಟಗಿದ್ದದ್ದೇ ಅಪ್ಪನ ಕಡ್ಡಿ, ನೆಟ್ಟಗಿದ್ದದ್ದು ಬೇರಿನಿಂದೆದ್ದ ಕಾಡುಚಿಗುರು, ಈಗ ಹೀಗೆ ಸೊಕ್ಕಿ ನಿಂತಿರುವುದೂ ಅದೇ, ಕಡ್ಡಿ ಬೇರಿಗೆ ಕೂಡಿದ ಕಸಿಗಂಟಿನ ಮೇಲೆ ಅಪ್ಪನದೆಂದು ಉಳಿದದ್ದು ಬೆರಳುದ್ದದ ಮೋಟು.

ಅಂದಿನಿಂದ ಅವನ ಜೊತೆ ಮಾತಿಲ್ಲ. ಕೂಗಾಡಲಿಲ್ಲ, ಅಳಲಿಲ್ಲ, ತಟ್ಟೆ ಕುಕ್ಕಿದಳು, ಅಣ್ಣ ಒಳ್ಳೇದಕ್ಕೇ ಮಾಡಿದ್ದು ಕಣೇ ಎಂದ ಗಂಡ, ಹೌದು, ಅವಳ ನೀಲಿ ಕೋಟಿನ ತೋಳನ್ನು ಕೇಳದೆ ಗಿಡ್ಡ ಮಾಡಿದ್ದೂ ಒಳ್ಳೆಯದಕ್ಕೇ, ಕೇಳುವುದೆಂದರೆ ಅವನಿಗೆ ಅವಮಾನ, ಕೊಲ್ಲಬೇಕೆನಿಸುತ್ತದೆ, ನಿಜವಾಗಿ. ಆದರೆ ಹೋದ ವಾರ ಆ ಮೋಟಿನ ಪಕ್ಕದಲ್ಲಿ, ಗಂಟಿನ ಮೇಲೆಯೇ, ಒಂದು ಕುಡಿ, ಅಕ್ಕಿಕಾಳಿನಷ್ಟು, ಅಪ್ಪನದೇ, ಅವಳು ಯಾರಿಗೂ ಹೇಳಲಿಲ್ಲ, ಗಂಡನಿಗೂ, ಹೇಳಿದರೆ ಭಾವನ ಕಿವಿಗೆ ಬೀಳುತ್ತದೆ, ನೋಡಿದ್ಯಾ, ನಾನು ಕತ್ತರಿಸಿದ್ದಕ್ಕೇ ಚಿಗುರ್ತು ಎನ್ನುತ್ತಾನೆ, ಆ ಮಾತು ಕೇಳಿ ಬದುಕಿರಲಾರಳು, ಅದನ್ನ ಮುಟ್ಟಬೇಡಿ ಎಂದು ನೇರವಾಗಿ ಅವನಿಗೇ ಹೇಳಬಹುದಿತ್ತು, ಆದರೆ ಮೊದಲು ಬಾಯಿ ಬಿಟ್ಟವರು ಸೋತ ಹಾಗೆ, ಅವಳೇಕೆ ಸೋಲಬೇಕು.

ಈಗ ಅವನು ಕುಕ್ಕರುಗಾಲಲ್ಲಿ ಕೂತ, ಬುಡದ ಹುಲ್ಲು ಕೀಳುತ್ತಾನೆ, ಕೀಳಲಿ, ಏಳು, ಎದ್ದು ಹೋಗು, ಅಂಗಡಿಗೆ ಯಾರೋ ಬಂದರು ನೋಡು — ಯಾರೂ ಬಂದಿಲ್ಲ — ಕೈ ಮೋಟನ್ನು ಸವರುತ್ತದೆ, ಕುಡಿಯ ಬಳಿ ನಿಲ್ಲುತ್ತದೆ, ಇದೊಂದು ಇಲ್ಲೇನು ಮಾಡ್ತಿದೆ ಎಂದು ನೆರೆಯವನ ಕಡೆ ನಗುತ್ತಾನೆ, ಕೂಗು, ಒಂದೇ ಒಂದು ಸಲ ಕೂಗು, ಕಿಟಕಿ ತೆರೆದೇ ಇದೆ, ನಲ್ಲಿ ಸುರಿಯುತ್ತಿದೆ, ಬಾಯಿಯೂ ತೆರೆದಿದೆ, ಚಳಿಗಾಲದಿಂದ ಕರೆಯದ ಆ ಪದ, ಭಾ — ಉಗುರು, ಉಗುರಿನ ತುದಿಯಲ್ಲಿ ಹಸಿರು, ಉಗುರು